ಯಕ್ಸಂಬಾದ ಪೈಲ್ವಾನ, ಕೊಲ್ಲಾಪುರದ ವಸ್ತಾದ

ಚಿಕ್ಕೋಡಿ ತಾಲ್ಲೂಕಿನ ಯಕ್ಸಂಬಾದ ಶ್ರೀಪತಿ ಖಂಚನಾಳೆ 1959ರಲ್ಲಿ ದೆಹಲಿಯ ಕಣದಲ್ಲಿ ಪಂಜಾಬಿನ ಬಂತಾ ಸಿಂಗ್ ಅವರನ್ನು ಮಣಿಸಿ ಹಿಂದ್ ಕೇಸರಿಯಾದರು. 2020ರ ಡಿಸೆಂಬರ್ 14ರಂದು ಕೊಲ್ಲಾಪುರದಲ್ಲಿ ತೀರಿಕೊಂಡಾಗ ಅವರಿಗೆ 86 ವರ್ಷ. ಪತ್ರಿಕೆಗಳು ‘ಮೊದಲ ಹಿಂದ್ ಕೇಸರಿ’ ಎಂದೇ ಬರೆದವು. ಆದರೂ ನನ್ನ ವಾರಗೆಯ ಕನ್ನಡ ವಿದ್ಯಾರ್ಥಿಗಳಲ್ಲಿ ಈ ಹೆಸರು ಕೇಳಿದವರು ಕಡಿಮೆ. ಯಾಕೆ ಹೀಗಾಯಿತು?

ಇಂದಿನ ಗಡಿಗೆರೆಯನ್ನು ಅಂದಿನ ಬದುಕಿನ ಮೇಲೆ ಎಳೆಯುವುದೇ ಒಂದು ಕಾರಣ. ಶಾಹೂ ಮಹಾರಾಜರ ಆಳ್ವಿಕೆಯಲ್ಲಿ (1894–1922) ಕೊಲ್ಲಾಪುರ ಕುಸ್ತಿಯ ರಾಜಧಾನಿಯಾಯಿತು. 1912ರಲ್ಲಿ ಖಾಸಬಾಗ್ ಮೈದಾನ ಸಿದ್ಧವಾಯಿತು. ರಾಯಬಾಗವಂತೂ 1949ರವರೆಗೆ ಕೊಲ್ಲಾಪುರ ಸಂಸ್ಥಾನದ್ದೇ. ನಿಪ್ಪಾಣಿ, ಅಥಣಿ, ಕಾಗವಾಡದ ಕಡೆಯ ಹುಡುಗನಿಗೆ ಕುಸ್ತಿ ಕಲಿಯಲು ಕೊಲ್ಲಾಪುರ ಪರನಾಡಲ್ಲ, ಹತ್ತಿರದ ಪೇಟೆ. ಖಂಚನಾಳೆಯವರೂ ಅಲ್ಲಿನ ಶಾಹುಪುರಿ ತಾಲೀಮಿನಲ್ಲಿ ಪಳಗಿದರು.

ಈ ನಡುವೆ ನಕ್ಷೆ ಬದಲಾಯಿತು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯ ಸೇರಿತು. 1960ರ ಮೇ 1ರಂದು ಮಹಾರಾಷ್ಟ್ರ ಹುಟ್ಟಿತು. ಗೆದ್ದ ವರ್ಷ ಅವರ ಹುಟ್ಟೂರು ಮೈಸೂರಿನಲ್ಲಿತ್ತು, ತಾಲೀಮು ಮುಂಬಯಿ ರಾಜ್ಯದಲ್ಲಿತ್ತು. ಭಾಷಾವಾರು ಇತಿಹಾಸ ಬರೆಯುವವರಿಗೆ ಇಂಥ ಮನುಷ್ಯ ತೊಡಕು. ಒಬ್ಬರು ತಮ್ಮವನೆಂದು ಎತ್ತಿಕೊಂಡರೆ, ಇನ್ನೊಬ್ಬರು ಸುಮ್ಮನೆ ಬಿಟ್ಟುಬಿಡುತ್ತಾರೆ.

ಎರಡನೆಯ ಕಾರಣ ಇನ್ನೂ ಆಳದ್ದು. ಕಣದಿಂದ ಇಳಿದ ಮೇಲೆ ಅವರು ಹೊಸ ಪೈಲ್ವಾನರನ್ನು ತಿದ್ದುವ ಹಿರಿಯರಾದರು. ನಮ್ಮ ಸೀಮೆಯಲ್ಲಿ ಇಂಥವರಿಗೆ ‘ವಸ್ತಾದ’ ಎನ್ನುತ್ತಾರೆ. ವಸ್ತಾದನ ಪಾಠ ಹಲಗೆಯ ಮೇಲಲ್ಲ, ಕೆಮ್ಮಣ್ಣಿನಲ್ಲಿ. ನಸುಕಿನಲ್ಲಿ ಎಬ್ಬಿಸಿ ಬೈಠಕ್ ಹೊಡೆಸುವುದು, ಖುರಾಕು ನೋಡಿಕೊಳ್ಳುವುದು, ಪಟ್ಟು ತಪ್ಪಿದಾಗ ಕತ್ತು ಹಿಡಿದು ತೋರಿಸುವುದು: ಇದೆಲ್ಲ ಮೈಯಿಂದ ಮೈಗೆ ದಾಟುವ ವಿದ್ಯೆ. ಗೆದ್ದವನ ಹೆಸರು ಪಟ್ಟಿಗೆ ಏರುತ್ತದೆ, ಕಲಿಸಿದವನ ದುಡಿಮೆ ಶಿಷ್ಯನ ಹೆಗಲಲ್ಲೇ ಉಳಿಯುತ್ತದೆ. ದಫ್ತರ ಹುಡುಕುವ ನನ್ನಂಥ ಸಂಶೋಧಕರ ಕೈಗೆ ಅದು ಸಿಗುವುದಿಲ್ಲ.

ಕುಸ್ತಿ ಈಗ ಮಣ್ಣಿನಿಂದ ಮ್ಯಾಟಿಗೆ ಸರಿದಿದೆ. ಆ ಕಾಲದ ವಸ್ತಾದರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅವರ ಶಿಷ್ಯರು ಗಡಿಯ ಎರಡೂ ಕಡೆ, ಎರಡೂ ಭಾಷೆಯಲ್ಲಿ ಮಾತಾಡಬಲ್ಲರು. ಖಂಚನಾಳೆ ಯಾರವರು ಎಂದು ಜಗಳಾಡುವ ಮೊದಲು ಆ ಮಾತುಗಳನ್ನು ಕೂತು ಕೇಳಿ ಬರೆದಿಟ್ಟುಕೊಳ್ಳಬೇಕು. ತಡಮಾಡಿದರೆ ನಮಗೆ ಉಳಿಯುವುದು ಒಂದು ಇಸವಿ, ಒಂದು ಬಿರುದು ಮಾತ್ರ.