ಹಾಡು ರೆಕಾರ್ಡ್ ಮಾಡಲು ಗೇಮಿಂಗ್ ಕಂಪ್ಯೂಟರೇ ಬೇಕೆ? ಅಂಗಡಿಯ ಸಲಹೆಯಲ್ಲಿ ಎಷ್ಟು ನಿಜ?

"ಮ್ಯೂಸಿಕ್ ಮಾಡೋದಕ್ಕಾ? ಹಾಗಾದ್ರೆ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇರೋ ಗೇಮಿಂಗ್ ಮಾಡೆಲ್ಲೇ ತಗೊಳ್ಳಿ." ಮನೆಯಲ್ಲೇ ಹಾಡು ರೆಕಾರ್ಡ್ ಮಾಡಬೇಕೆಂದು ಕಂಪ್ಯೂಟರ್ ಕೊಳ್ಳಲು ಹೋದವರಿಗೆ ಇಂಥ ಸಲಹೆ ಸಿಗುವುದುಂಟು. ವಾಟ್ಸಾಪ್ ಗುಂಪುಗಳಲ್ಲೂ ಇದೇ ಮಾತು ಸುತ್ತುತ್ತದೆ. ಇದು ನಿಜವೇ?

ಬಹುಪಾಲು ತಪ್ಪು. ಈ ಮಾತು ನಂಬಿದರೆ ಮೈಕ್‌ಗೆ ಹೋಗಬೇಕಾದ ಹಣ ಬೇಡದ ಭಾಗಕ್ಕೆ ಹೋಗುತ್ತದೆ.

ಗ್ರಾಫಿಕ್ಸ್ ಕಾರ್ಡ್ ಏನು ಮಾಡುತ್ತದೆ?

ಅದರ ಮುಖ್ಯ ಕೆಲಸ ಪರದೆಯ ಮೇಲೆ ಚಿತ್ರ ಮೂಡಿಸುವುದು. ದನಿಗೆ ಸೇರಿಸುವ ರಿವರ್ಬ್, ಈಕ್ವಲೈಜರ್, ಸಾಫ್ಟ್‌ವೇರ್ ತಬಲಾ ಇವೆಲ್ಲವನ್ನೂ ಲೆಕ್ಕ ಹಾಕುವುದು ಪ್ರೊಸೆಸರ್. ಗ್ರಾಫಿಕ್ಸ್ ಕಾರ್ಡ್ ಬಳಸುವ ಸಂಗೀತ ತಂತ್ರಾಂಶಗಳು ಇವೆ, ಆದರೆ ಬೆರಳೆಣಿಕೆಯಷ್ಟು. ವಿಡಿಯೋ ಎಡಿಟಿಂಗ್ ಕೂಡ ಮಾಡುವವರಿಗೆ ಮಾತ್ರ ಅದರಿಂದ ಲಾಭ. ಜೊತೆಗೆ ಗೇಮಿಂಗ್ ಯಂತ್ರದ ಫ್ಯಾನ್ ಜೋರಾಗಿ ತಿರುಗಿದರೆ ಆ ಸದ್ದೂ ಮೈಕ್‌ಗೆ ಸೇರುತ್ತದೆ.

ಹಾಡುವಾಗ ದನಿ ತಡವಾಗಿ ಕೇಳಿಸುವುದೇಕೆ?

ಕಂಪ್ಯೂಟರ್ ದನಿಯನ್ನು ಸೆಕೆಂಡಿಗೆ 44,100 ಸ್ಯಾಂಪಲ್‌ಗಳಾಗಿ ಒಡೆದು, ಕಂತು ಕಂತಾಗಿ ಕೆಲಸ ಮಾಡುತ್ತದೆ. ಈ ಕಂತಿಗೆ ಬಫರ್ ಎನ್ನುತ್ತಾರೆ. 128 ಸ್ಯಾಂಪಲ್‌ಗಳ ಕಂತಿಗೆ ಸುಮಾರು 3 ಮಿಲಿಸೆಕೆಂಡ್, 1,024ರ ಕಂತಿಗೆ ಸುಮಾರು 23 ಮಿಲಿಸೆಕೆಂಡ್. ಗಾಳಿಯಲ್ಲಿ ಶಬ್ದ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ಅಂದರೆ 23 ಮಿಲಿಸೆಕೆಂಡ್ ತಡವೆಂದರೆ ನಿಮ್ಮ ದನಿ ಎಂಟು ಮೀಟರ್ ದೂರದಿಂದ ಕೇಳಿಸಿದಂತೆ. ತಾಳ ತಪ್ಪಲು ಅಷ್ಟು ಸಾಕು.

ಬಫರ್ ಚಿಕ್ಕದಾದಷ್ಟೂ ಪ್ರೊಸೆಸರ್ ಬೇಗ ಲೆಕ್ಕ ಮುಗಿಸಬೇಕು. ಮುಗಿಸದಿದ್ದರೆ ದನಿಯಲ್ಲಿ ಟಪ್ ಟಪ್ ಸದ್ದು ಬರುತ್ತದೆ. ಒಂದು ಟ್ರ್ಯಾಕ್‌ನ ಎಫೆಕ್ಟ್‌ಗಳು ಒಂದರ ನಂತರ ಒಂದು ಕೆಲಸ ಮಾಡುವುದರಿಂದ, ಕೋರ್‌ಗಳ ಸಂಖ್ಯೆಯಷ್ಟೇ ಪ್ರತಿ ಕೋರ್‌ನ ವೇಗವೂ ಮುಖ್ಯ.

ಹಾಗಾದರೆ ಏನು ನೋಡಬೇಕು?

• ರ‍್ಯಾಮ್: ದನಿ ಮತ್ತು ಕೆಲವು ವಾದ್ಯಗಳಿಗೆ 8 ಜಿಬಿ ನಡೆಯುತ್ತದೆ, 16 ಜಿಬಿ ನಿರಾಳ. ದೊಡ್ಡ ಆರ್ಕೆಸ್ಟ್ರಾ ಲೈಬ್ರರಿಗಳಿಗೆ 32 ಜಿಬಿ ಬೇಕಾಗಬಹುದು. ಅನೇಕ ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೆಸುಗೆ ಹಾಕಿರುತ್ತದೆ, ಆಮೇಲೆ ಹೆಚ್ಚಿಸಲಾಗದು. ಮೊದಲೇ ಕೇಳಿ.
• ಎಸ್‌ಎಸ್‌ಡಿ: 24 ಬಿಟ್, 48 ಕಿಲೋಹರ್ಟ್ಸ್‌ನ ಒಂದು ಮೋನೋ ಟ್ರ್ಯಾಕ್ ನಿಮಿಷಕ್ಕೆ 8.6 ಎಂಬಿ ಮಾತ್ರ. ಆದರೆ ವಾದ್ಯಗಳ ಲೈಬ್ರರಿ ಬೇಗ ತೆರೆಯಲು ಎಸ್‌ಎಸ್‌ಡಿ ಬೇಕು.
• ಆಡಿಯೋ ಇಂಟರ್‌ಫೇಸ್: "ಸರೌಂಡ್ ಸೌಂಡ್ ಕಾರ್ಡ್" ಇರುವುದು ಕೇಳಲು. ಸ್ಟುಡಿಯೋ ಕಂಡೆನ್ಸರ್ ಮೈಕ್‌ಗೆ ಸಾಮಾನ್ಯವಾಗಿ 48 ವೋಲ್ಟ್ ಕೊಡುವ ಯುಎಸ್‌ಬಿ ಇಂಟರ್‌ಫೇಸ್ ಬೇಕು. ವಿಂಡೋಸ್ ಆದರೆ ಅದಕ್ಕೆ ಆಸಿಯೋ ಡ್ರೈವರ್ ಇದೆಯೇ ನೋಡಿ.

ತಪ್ಪು ಸಲಹೆಯಿಂದ ಕೊಂಡಿದ್ದರೆ?

ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ವಸ್ತುವಿನ ಅಗತ್ಯ ಅಥವಾ ಉಪಯುಕ್ತತೆಯ ಬಗ್ಗೆ ಸುಳ್ಳು ಅಥವಾ ದಾರಿತಪ್ಪಿಸುವ ಮಾತು ಹೇಳುವುದು ಅನುಚಿತ ವ್ಯಾಪಾರ ಪದ್ಧತಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ನೀವಿರುವ ಜಿಲ್ಲೆಯ ಗ್ರಾಹಕ ಆಯೋಗಕ್ಕೇ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ. ಸ್ವಯಂ ಉದ್ಯೋಗದಿಂದ ಜೀವನ ನಡೆಸಲು ಕೊಂಡವರೂ ಗ್ರಾಹಕರೇ.

ಆದರೆ ಮನಸ್ಸು ಬದಲಾಯಿತೆಂದು ಹಿಂದಿರುಗಿಸುವ ಹಕ್ಕನ್ನು ಕಾನೂನು ಕೊಡುವುದಿಲ್ಲ. ಬಾಯಿಮಾತಿಗೆ ಸಾಕ್ಷಿಯೂ ಇರುವುದಿಲ್ಲ. ಆದ್ದರಿಂದ ಕೊಳ್ಳುವ ಮೊದಲು ಅಂಗಡಿಯವರಿಗೆ ವಾಟ್ಸಾಪ್‌ನಲ್ಲೇ ಬರೆಯಿರಿ: "ಹಾಡು ರೆಕಾರ್ಡ್ ಮಾಡಲು ಬೇಕು, ಈ ಮಾಡೆಲ್ ಸಾಕೇ? ಹಿಂದಿರುಗಿಸುವ ಅವಧಿ ಎಷ್ಟು?" ಬಂದ ಉತ್ತರವನ್ನೂ ಬಿಲ್ಲನ್ನೂ ಜೋಪಾನ ಮಾಡಿ.

ತೀರ್ಮಾನ: ಸಂಗೀತಕ್ಕೆ ಗೇಮಿಂಗ್ ಕಂಪ್ಯೂಟರ್ ಕಡ್ಡಾಯವಲ್ಲ. ವೇಗದ ಪ್ರೊಸೆಸರ್, ಸಾಕಷ್ಟು ರ‍್ಯಾಮ್, ಎಸ್‌ಎಸ್‌ಡಿ, ಒಂದು ಇಂಟರ್‌ಫೇಸ್ ಇದ್ದರೆ ಸಾಕು. ಕೊಳ್ಳಲು ಹೊರಟವರಿಗೆ ಅವರು ಹಣ ಕೊಡುವ ಮುನ್ನವೇ ಇದನ್ನು ಕಳುಹಿಸಿ.