ನೆಲದೊಳಗಿಂದ ಹೊಗೆ ಬರುತ್ತಿದ್ದ ಊರು

"ಊರು ಎಲ್ಲಿ?" ಅಂತ ಕೇಳಿದ್ದಕ್ಕೆ ಗಂಡ ತೋರಿಸಿದ್ದು ನೆಲದಿಂದ ಏಳುತ್ತಿದ್ದ ಹೊಗೆಯನ್ನ! 1878ರಲ್ಲಿ ಅಮೆರಿಕದ ಕ್ಯಾನ್ಸಸ್ ಬಯಲಿಗೆ ಬಂದ ವಿಲಿಯಾನಾ ಹಿಕ್‌ಮನ್ ಎಂಬ ಹೆಣ್ಣುಮಗಳು ಮುಂದೆ ಹೇಳಿಕೊಂಡ ನೆನಪಿದು. ಮನೆಯಿಲ್ಲ, ಮರವಿಲ್ಲ, ಕಣ್ಣು ಹಾಯಿಸಿದಷ್ಟೂ ಹುಲ್ಲು. ಜನ ನೆಲ ತೋಡಿ, ಬಿಲದಂಥ ಗುಂಡಿಗಳಲ್ಲಿ ಸಂಸಾರ ಹೂಡಿದ್ದರು. ಆಕೆ ಅತ್ತೇಬಿಟ್ಟರಂತೆ.

ಆ ಊರಿನ ಹೆಸರು ನಿಕೋಡೆಮಸ್. ಬೈಬಲ್ಲಿನ ಹೆಸರು ಅಂತ ಕೆಲವರು, ಹಾಡೊಂದರಲ್ಲಿ ಬರುವ ಗುಲಾಮನ ಹೆಸರು ಅಂತ ಇನ್ನು ಕೆಲವರು. 1877ರಲ್ಲಿ ಆರು ಮಂದಿ ಕರಿಯರು ಮತ್ತು ಒಬ್ಬ ಬಿಳಿಯ ಸೇರಿ ಊರು ಕಟ್ಟುವ ಕಂಪನಿ ಮಾಡಿದರು. ಗುಲಾಮಗಿರಿ ಹೋಗಿ ಹನ್ನೆರಡು ವರ್ಷವಾದರೂ ದಕ್ಷಿಣದಲ್ಲಿ ಉಳುವ ನೆಲ ಮಾತ್ರ ಇನ್ನೂ ಹಳೇ ಯಜಮಾನರದ್ದೇ. ಇಲ್ಲಾದರೆ 1862ರ ಕಾಯಿದೆಯಡಿ, ಐದು ವರ್ಷ ಉತ್ತು ನೆಲೆಸಿದವರಿಗೆ 160 ಎಕರೆ. ಯಾರಿಗೆ ಆಸೆಯಾಗಲ್ಲ ಹೇಳಿ?

ಸೆಪ್ಟೆಂಬರಿನಲ್ಲಿ ಕೆಂಟಕಿಯಿಂದ ಮುನ್ನೂರಕ್ಕೂ ಹೆಚ್ಚು ಜನ ಬಂದರು. ಎಲ್ಲಿಸ್ ಎಂಬಲ್ಲಿ ರೈಲು ಇಳಿದು ಅಲ್ಲಿಂದ ನಡಿಗೆ. ಊರಿನ ಅವಸ್ಥೆ ನೋಡಿ ಹಲವು ಕುಟುಂಬಗಳು ಬಂದ ದಾರಿ ಹಿಡಿದವು. ಅವರನ್ನು ಬೈಯಲು ನನಗೆ ಮನಸ್ಸಾಗದು. ಉಳಿದವರಿಗೆ ಆ ಚಳಿಗಾಲದಲ್ಲಿ ಸೌದೆಯೂ ಇಲ್ಲ, ಸೂರ್ಯಕಾಂತಿ ದಂಟು, ಕಾಡೆಮ್ಮೆಯ ಒಣ ಸಗಣಿಯೇ ಉರುವಲು. ಬೇಟೆ ಮುಗಿಸಿ ಹೊರಟಿದ್ದ ಓಸೇಜ್ ಬುಡಕಟ್ಟಿನವರು ಮಾಂಸ ಹಂಚಿಕೊಟ್ಟು ಹೋದರು. ತಮ್ಮ ನೆಲ ತಾವೇ ಕಳೆದುಕೊಂಡಿದ್ದ ಜನ ಅವರು! ಫ್ಲೆಚರ್ ದಂಪತಿಯ ಗುಂಡಿ ಮನೆಯಲ್ಲೇ ಶಾಲೆ ಶುರುವಾಯಿತು.

ಹತ್ತು ವರ್ಷದೊಳಗೆ ಚರ್ಚು, ಹೋಟೆಲು, ಬ್ಯಾಂಕು, ಎರಡು ಪತ್ರಿಕೆ! ಇಲ್ಲಿಗೆ ಬಂದು ನೆಲೆಸಿದ್ದ ಎಡ್ವರ್ಡ್ ಮೆಕೇಬ್ 1882ರಲ್ಲಿ ಇಡೀ ರಾಜ್ಯದ ಲೆಕ್ಕಪರಿಶೋಧಕರಾಗಿ ಚುನಾಯಿತರಾದರು.

ಇನ್ನು ರೈಲಿನ ಕತೆ. ರೈಲು ಬಂದರೆ ಊರು, ಇಲ್ಲದಿದ್ದರೆ ಇಲ್ಲ. ಆ ಕಾಲದ ಬಯಲಿನಲ್ಲಿ ಲೆಕ್ಕ ಅಷ್ಟು ಸರಳ. 1887ರಲ್ಲಿ ಜನ ಮತ ಹಾಕಿ, ಮಿಸೌರಿ ಪೆಸಿಫಿಕ್ ಕಂಪನಿ ಬರಲೆಂದು 16,000 ಡಾಲರಿನ ಬಾಂಡ್ ಒಪ್ಪಿದರು. ಕಂಪನಿ ಬರಲೇ ಇಲ್ಲ. ಮರುವರ್ಷ ಯೂನಿಯನ್ ಪೆಸಿಫಿಕ್ ಹಳಿ ಹಾಕಿತು, ಆದರೆ ಸೊಲೊಮನ್ ನದಿಯ ಆಚೆ ದಂಡೆಯಲ್ಲಿ, ಊರಿಂದ ಕೆಲವೇ ಮೈಲಿ ದೂರ. ಅಂಗಡಿಯವರು ಗಂಟುಮೂಟೆ ಕಟ್ಟಿಕೊಂಡು ಹಳಿಯ ಪಕ್ಕದ ಬೋಗ್‌ಗೆ ಹೊರಟರು. ಗುಂಡಿಯಲ್ಲಿದ್ದು ಚಳಿಗಾಲ ಗೆದ್ದವರು ಒಂದು ನಕಾಶೆಯ ಗೆರೆಗೆ ಸೋತರಲ್ಲ ಅಂತ ಓದುವಾಗ ಹೊಟ್ಟೆ ಉರಿಯಿತು ನನಗೆ.

ಹಾಗಂತ ಎಲ್ಲರೂ ಹೋಗಲಿಲ್ಲ. ಹೊಲ ಇತ್ತಲ್ಲ, ಬೇಸಾಯ ನಡೆಯಿತು. 1930ರ ದಶಕದ ಧೂಳಿನ ಬಿರುಗಾಳಿ ಇನ್ನಷ್ಟು ಮಂದಿಯನ್ನು ಎಬ್ಬಿಸಿತು. 1953ರಲ್ಲಿ ಅಂಚೆ ಕಚೇರಿಗೂ ಬೀಗ. 1996ರಲ್ಲಿ ಸರಕಾರ ಊರನ್ನು ರಾಷ್ಟ್ರೀಯ ಐತಿಹಾಸಿಕ ತಾಣವೆಂದು ಸಾರಿತು. 2020ರ ಜನಗಣತಿಯಲ್ಲಿ ಇಲ್ಲಿದ್ದವರು 14 ಮಂದಿ.

ಆದರೆ ಜುಲೈ ಕೊನೆಯ ವಾರ ಬಂದರೆ ನೂರಾರು ಜನ! ಚದುರಿಹೋದವರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು. ಇದು ಬ್ರಿಟಿಷ್ ವೆಸ್ಟ್ ಇಂಡೀಸಿನಲ್ಲಿ 1834ರ ಆಗಸ್ಟ್ 1ರಂದು ಗುಲಾಮಗಿರಿ ರದ್ದಾದ ನೆನಪಿಗೆ ಶುರುವಾದ ಹಬ್ಬ. ದೂರದ ದ್ವೀಪಗಳ ಬಿಡುಗಡೆಯನ್ನೂ ತಮ್ಮದೆಂದೇ ಎಣಿಸಿದವರು, ನೋಡಿ. ಮೆರವಣಿಗೆ, ಚರ್ಚಿನಲ್ಲಿ ಹಾಡು, 1939ರಲ್ಲಿ ಸುಣ್ಣಕಲ್ಲಿನಿಂದ ಕಟ್ಟಿದ ಪುರಭವನದಲ್ಲಿ ಎಲ್ಲರೂ ಸೇರುವುದು. ಆಮೇಲೆ ಒಬ್ಬೊಬ್ಬರಾಗಿ ಹೊರಟುಬಿಡುತ್ತಾರೆ, ಮುಂದಿನ ಜುಲೈವರೆಗೆ.