ಮಳೆಯೇ ಮಂಜುಗಡ್ಡೆಯಾದಾಗ: ಕ್ವಿಬೆಕ್, 1998

ಮಳೆಯ ಬಗ್ಗೆ ಕಾಸರಗೋಡಿನವರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಟಿಯ ಗಾಳಿಮಳೆಗೆ ಕಂಬ ಬಿದ್ದು ಎರಡು ದಿನ ಕರೆಂಟ್ ಇಲ್ಲದಿದ್ದರೂ ನಾವು ಹೇಗೋ ಸುಧಾರಿಸಿಕೊಳ್ಳುತ್ತೇವೆ. ಆದರೆ 1998ರ ಜನವರಿಯಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯ ಕಂಡ ಮಳೆಯೇ ಬೇರೆ. ಅದು ಬಿದ್ದಲ್ಲೇ ಮಂಜುಗಡ್ಡೆಯಾಗುತ್ತಿತ್ತು!

ಹೀಗಾಗಲು ಕಾರಣವಿದೆ. ಮೆಕ್ಸಿಕೋ ಕೊಲ್ಲಿಯ ಕಡೆಯಿಂದ ಬಂದ ತೇವಭರಿತ ಬಿಸಿಗಾಳಿ ಮೇಲೆ ಹರಡಿತ್ತು. ಕೆಳಗೆ ಸೇಂಟ್ ಲಾರೆನ್ಸ್ ನದಿಯ ಕಣಿವೆಯಲ್ಲಿ ಕೊರೆಯುವ ತಣ್ಣನೆಯ ಗಾಳಿ ಕದಲದೆ ನಿಂತಿತ್ತು. ಮೇಲಿನ ಪದರದಲ್ಲಿ ಹಿಮ ಕರಗಿ ಹನಿಯಾಗುತ್ತದೆ. ಕೆಳಗಿನ ಪದರದಲ್ಲಿ ಆ ಹನಿ ಸೊನ್ನೆ ಡಿಗ್ರಿಗಿಂತ ತಣ್ಣಗಾದರೂ ಮತ್ತೆ ಗಟ್ಟಿಯಾಗಲು ಸಮಯ ಸಿಗುವುದಿಲ್ಲ. ರಸ್ತೆ, ಮರ, ತಂತಿ, ಯಾವುದನ್ನು ಮುಟ್ಟಿತೋ ಅದರ ಮೇಲೆ ಕೂಡಲೇ ಹೆಪ್ಪುಗಟ್ಟುತ್ತದೆ.

ಜನವರಿ 5ರಿಂದ 10ರವರೆಗೆ ಮಾಂಟ್ರಿಯಲ್ ನಗರದಲ್ಲಿ ಸುಮಾರು 100 ಮಿಲಿಮೀಟರ್ ಮಳೆ ಹೀಗೆ ಬಿತ್ತು. ನಮ್ಮಲ್ಲಿ ಅಷ್ಟು ಮಳೆ ಒಂದೇ ದಿನ ಬರುವುದುಂಟು. ಅಲ್ಲಿ ಅದು ಹರಿದು ಹೋಗಲಿಲ್ಲ, ಇದ್ದಲ್ಲೇ ಕೂತಿತು. ರಸ್ತೆಗಳು ಗಾಜಿನಂತಾದವು, ಸೇತುವೆಗಳನ್ನು ಮುಚ್ಚಬೇಕಾಯಿತು. ಭಾರ ತಾಳಲಾರದೆ ನೂರಾರು ಉಕ್ಕಿನ ಗೋಪುರಗಳೂ ಸುಮಾರು 30,000 ಮರದ ಕಂಬಗಳೂ ಉರುಳಿದವು. ಮೂವತ್ತು ನಲವತ್ತು ವರ್ಷ ಬೆಳೆಸಿ ರಸ ತೆಗೆಯುವ ಮೇಪಲ್ ಮರಗಳು ಮುರಿದವು. ಅಡಿಕೆ ತೋಟ ನೆಲಕಚ್ಚಿದ್ದನ್ನು ಕಂಡವರಿಗೆ ಆ ನೋವು ಅರ್ಥವಾದೀತು.

ಕ್ವಿಬೆಕಿನವರಿಗೆ ವಿದ್ಯುತ್ ಎಂದರೆ ಬರೀ ದೀಪವಲ್ಲ. ಇಂಗ್ಲಿಷ್ ಪ್ರಧಾನವಾದ ಕೆನಡಾದಲ್ಲಿ ಇವರ ಭಾಷೆ ಫ್ರೆಂಚ್. ಒಂದು ಕಾಲದಲ್ಲಿ ದೊಡ್ಡ ಕಂಪೆನಿಗಳ ಮೇಲಿನ ಹುದ್ದೆಗಳೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತಿದ್ದವು. 1962ರ ಚುನಾವಣೆಯಲ್ಲಿ ಜೀನ್ ಲೆಸಾಜ್ ಅವರ ಪಕ್ಷ, ನಮ್ಮ ಮನೆಗೆ ನಾವೇ ಯಜಮಾನರು ಎಂದು ಘೋಷಿಸಿ ಗೆದ್ದಿತು. 1963ರಲ್ಲಿ ಖಾಸಗಿ ವಿದ್ಯುತ್ ಕಂಪೆನಿಗಳು ಸರಕಾರದ ಹೈಡ್ರೋ-ಕ್ವಿಬೆಕ್ ಕೈಸೇರಿದವು. 1968ರಲ್ಲಿ ಮುಗಿದ ಮಾನಿಕ್-5 ಅಣೆಕಟ್ಟಿನಲ್ಲಿ ಎಂಜಿನಿಯರರು ಫ್ರೆಂಚಿನಲ್ಲೇ ಕೆಲಸ ಮಾಡಿದರು. ಅಗ್ಗದ ಜಲವಿದ್ಯುತ್ ಬಂದ ಮೇಲೆ ಅನೇಕ ಮನೆಗಳು ಸೌದೆ, ಎಣ್ಣೆಯ ಒಲೆ ಬಿಟ್ಟು ಕರೆಂಟಿನಿಂದಲೇ ಬೆಚ್ಚಗಾದವು.

ಹಾಗಾಗಿ ತಂತಿ ಹರಿದಾಗ ಬೆಳಕಿನ ಜೊತೆ ಬಿಸಿಯೂ ಹೋಯಿತು. ಜನವರಿ 9ರಂದು ಮಾಂಟ್ರಿಯಲಿನ ನೀರು ಶುದ್ಧೀಕರಣ ಘಟಕಗಳಿಗೂ ವಿದ್ಯುತ್ ತಪ್ಪಿತು. ಕೆನಡಾದಲ್ಲಿ ಒಟ್ಟು ಸುಮಾರು 6 ಲಕ್ಷ ಜನ ಮನೆ ಬಿಟ್ಟರು. ಅವರಲ್ಲಿ ಎಷ್ಟೋ ಮಂದಿಗೆ ಆಶ್ರಯ ಕೊಟ್ಟದ್ದು ಶಾಲೆಗಳು. 15,000ಕ್ಕೂ ಹೆಚ್ಚು ಸೈನಿಕರು ನೆರವಿಗೆ ಬಂದರು. ಕನಿಷ್ಠ 28 ಜನ ಸತ್ತರು. ಚಳಿ ತಡೆಯಲಾರದೆ ಮನೆಯೊಳಗೆ ಉರಿಸಿದ ಒಲೆ, ಜನರೇಟರುಗಳ ವಿಷಾನಿಲಕ್ಕೆ ಬಲಿಯಾದವರೂ ಅವರಲ್ಲಿದ್ದರು.

ಆ ಕತ್ತಲೆಯಲ್ಲಿ ಜನ ಕಾದು ಕೂತದ್ದು ಸುದ್ದಿಗೆ. ಪ್ರಾಂತ್ಯದ ಪ್ರಧಾನಿ ಲೂಸಿಯನ್ ಬುಶಾರ್ ಮತ್ತು ಹೈಡ್ರೋ-ಕ್ವಿಬೆಕ್ ಮುಖ್ಯಸ್ಥ ಆಂದ್ರೆ ಕಾಯೆ ದಿನವೂ ಪತ್ರಕರ್ತರ ಮುಂದೆ ಕೂತು, ಎಲ್ಲಿ ಕರೆಂಟ್ ಬಂತು, ಎಲ್ಲಿ ಬಂದಿಲ್ಲ ಎಂದು ತಿಳಿಸಿದರು. ಬ್ಯಾಟರಿ ರೇಡಿಯೋ ಮೂಲಕ ಅದು ಜನರ ಭಾಷೆಯಲ್ಲೇ ಮನೆಮನೆಗೆ ತಲುಪಿತು. ಕೆಲವೆಡೆ ಕರೆಂಟ್ ಬರಲು ಒಂದು ತಿಂಗಳು ಹಿಡಿಯಿತು. ಆಮೇಲೆ ಒಂದು ಗೋಪುರ ಬಿದ್ದರೆ ಸಾಲಿಗೆ ಸಾಲೇ ಬೀಳದಂತೆ ನಡುನಡುವೆ ಗಟ್ಟಿ ಗೋಪುರಗಳನ್ನು ನಿಲ್ಲಿಸಿದರು. ಒಂದು ದಾರಿ ಕಡಿದರೆ ಇನ್ನೊಂದರಿಂದ ವಿದ್ಯುತ್ ಬರುವಂತೆ ಮಾಡಿದರು.

ನಮ್ಮ ಕೇರಳದಲ್ಲೂ 2018ರ ನೆರೆಯಲ್ಲಿ, 2024ರ ವಯನಾಡ್ ಭೂಕುಸಿತದಲ್ಲಿ ಶಾಲೆಗಳೇ ಪರಿಹಾರ ಶಿಬಿರಗಳಾದವು. ಅಂಥ ಹೊತ್ತಿನಲ್ಲಿ ಎಚ್ಚರಿಕೆಯ ಮಾತು ಗಡಿನಾಡಿನ ಅಜ್ಜಿಗೂ ಮಗುವಿಗೂ ತಿಳಿಯುವ ಕನ್ನಡದಲ್ಲಿ ಸಿಗಬೇಕು. ಇದು ಭಾಷಾಭಿಮಾನದ ಮಾತಲ್ಲ, ಜೀವದ ಮಾತು. ಕನ್ನಡ ಶಾಲೆ ಉಳಿಯಬೇಕು ಎಂದು ನಾವು ಹೇಳುವಾಗ ಈ ಕಾರಣವನ್ನೂ ಸೇರಿಸಿ ಹೇಳೋಣ.